ಬರಿಗೈಯಲ್ಲಿ ಬಂದ ಮಾತ್ರೆ ಅಕ್ಕ

"ಇವತ್ತೂ ಬರಿಗೈ ಬೀಸ್ಕೊಂಡು ಬಂದ್ಯಾ? ನಾಚ್ಕೆ ಆಗಲ್ವೇನೇ ಮುಂಡೆ?" ಹಾಸಿಗೆ ಹೊಲಿಯುವವಳು ಸೂಜಿಯನ್ನು ಹತ್ತಿಗೆ ಚುಚ್ಚಿ ಎದ್ದಳು.

ಮಾತ್ರೆ ಅಕ್ಕ ಅಂಗಡಿಯ ಬಾಗಿಲಲ್ಲೇ ನಿಂತಳು. ಕ್ಷಯ ಬಂದವರ ಮನೆಮನೆಗೆ ಹೋಗಿ, ಎದುರಿಗೇ ನಿಂತು ಮಾತ್ರೆ ನುಂಗಿಸುವುದು ಅವಳ ಕೆಲಸ. ತಾನೂ ಅದೇ ರೋಗದಿಂದ ಎದ್ದು ಬಂದವಳು.

"ಆಸ್ಪತ್ರೇಲೇ ಇಲ್ಲ ಕಣೇ ತಂಗಿ. ನಾಳೆ ಬರುತ್ತೆ ಅಂತಾರೆ."

"ಹೋದ ವಾರಾನೂ ನಾಳೆ ಅಂದೆ. ವಾಂತಿ ತಡೀಲಾರ್ದೆ ಮಾತ್ರೆ ಬಿಟ್ಟು ಕೂತಾಗ ನನ್ನ ಕಾಲು ಹಿಡ್ದೋಳು ಯಾರು? ನಡುವೆ ಬಿಟ್ರೆ ರೋಗ ಯಾವ ಮಾತ್ರೆಗೂ ಬಗ್ಗಲ್ಲ ಅಂದೋಳು ಯಾರು? ವಾಸಿ ಆದ್ಮೇಲೆ ಎತ್ಕೊಳ್ಳಾಣ ಅಂತ ಕೂಸನ್ನ ಅವ್ವನ ಹತ್ರ ಬಿಟ್ಟು ಕೂತಿದೀನಿ, ನಿನ್ನ ನಂಬಿ."

ನಿಂತೇಹೋಗಿದ್ದ ಕೆಮ್ಮು ಮತ್ತೆ ಅವಳನ್ನು ಬಗ್ಗಿಸಿತು. ಆ ಸದ್ದಿನ ಗುರುತು ಮಾತ್ರೆ ಅಕ್ಕನಿಗಿತ್ತು. ನೇರ ಆಸ್ಪತ್ರೆಗೆ ನಡೆದಳು.

ಅಲ್ಲಿ ಕ್ಷಯದ ಮಾತ್ರೆ ಹಂಚಿಕೆ ನೋಡಿಕೊಳ್ಳುವ ಸಾಹೇಬರು ಮೇಲಧಿಕಾರಿಯೊಡನೆ ಫೋನಿನಲ್ಲಿದ್ದರು. "ಮಾತ್ರೆಗೇನೂ ಕೊರತೆ ಇಲ್ಲ ಸಾರ್. ಈ ಜನಾನೇ ನುಂಗಲ್ಲ. ಒಂಚೂರು ಹುಷಾರಾದ್ರೆ ಸಾಕು, ಕುಡಿಯೋಕೆ ಓಡ್ತಾರೆ."

ಫೋನ್ ಇಟ್ಟವರು ಅವಳನ್ನು ನೋಡಿದರು. "ಏನ್ ಗುರಾಯಿಸ್ತೀಯ? ಯಾರಾದ್ರೂ ಕೇಳಿದ್ರೆ ನೀನೂ ಹಾಗೇ ಹೇಳು. ರೋಗದೋಳ್ನ ಕರೆದು ಕೆಲಸ ಕೊಟ್ಟಿದೀನಿ, ನೆನಪಿರ್ಲಿ."

"ಸರಿ ಸಾರ್," ಅಂದುಬಿಟ್ಟಳು. ಗೇಟು ದಾಟಿದ ಮೇಲೆ ತನ್ನ ಬಾಯಿಂದ ಬಂದ ಆ ಮಾತಿಗೆ ಅವಳಿಗೇ ಹೇಸಿಗೆಯಾಯಿತು. ಈ ಮನುಷ್ಯನ ಮಾತನ್ನು ನಂಬಿಯೇ ಅವಳು ಅಷ್ಟು ಮನೆಗಳಿಗೆ ಮಾತು ಕೊಟ್ಟಿದ್ದಳು. ಅಂಗಡಿಗೆ ಹಿಂದಿರುಗಿ, ಕೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದಳು. ಹಾಸಿಗೆ ಹೊಲಿಯುವವಳು ಈ ಸಲ ಬಯ್ಯಲಿಲ್ಲ; ಮಾತ್ರೆ ಸಿಗದ ಉಳಿದವರನ್ನು ಕರೆಯಲು ಎದ್ದಳು.

ಮರುದಿನ ಬೆಳಿಗ್ಗೆ ಅವಳು, ಮೂಟೆ ಹೊರುವ ಮಾವ, ಚರಂಡಿ ಬಳಿಯುವ ಅಣ್ಣತಮ್ಮಂದಿರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಸಾಹೇಬರ ಕೋಣೆಗೆ ನುಗ್ಗಿ ನೆಲದ ಮೇಲೆ ಕೂತರು. ಮಾತ್ರೆ ಅಕ್ಕನೂ ಜೊತೆಗಿದ್ದಳು.

"ಹೊರಗೆ ನಡೀರಿ, ಹೊರಗೆ," ಸಾಹೇಬರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡರು.

"ನಾವಾಗೇ ಬಿಟ್ವಿ ಅಂದ್ಯಂತಲ್ಲೋ ಬೋಳಿಮಗನೆ. ಆ ಫೋನ್ ಇನ್ನೊಂದ್ಸಲ ಮಾಡು. ನಮ್ಮೆದುರು ಹೇಳು," ಅಂದಳು ಹಾಸಿಗೆ ಹೊಲಿಯುವವಳು.

"ಏಯ್, ಇವರನ್ನ ಎಬ್ಬಿಸೇ," ಸಾಹೇಬರು ಮಾತ್ರೆ ಅಕ್ಕನ ಕಡೆ ತಿರುಗಿದರು.

ಗಾಳಿಯಾಡಲಿ, ಕೆಮ್ಮಿನಿಂದ ರೋಗ ಇನ್ನೊಬ್ಬರಿಗೆ ಅಂಟದಿರಲಿ, ಕಿಟಕಿ ತೆರೆದಿಡಿ ಎಂದು ಮನೆಮನೆಗೂ ಹೇಳುತ್ತ ತಿರುಗಿದವಳು ಅವಳು. ಎದ್ದು ಹೋಗಿ ಕೋಣೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದಳು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಬಂದು ತಂಗಿಯ ಪಕ್ಕದಲ್ಲಿ ಕೂತಳು.

ಹಾಸಿಗೆ ಹೊಲಿಯುವವಳು ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು.