ಚಂದ್ರಹಾಸಣ್ಣನ ಟೈಮ್‌ಔಟ್

ಇನ್ನು ಒಂದೂಮುಕ್ಕಾಲು ನಿಮಿಷ. ನಾವು ಮೂರು ಗೋಲು, ಅವರು ಎರಡು. ನಮ್ಮ ಗೋಲ್‌ಕೀಪರ್ ಇಂದಿರಕ್ಕ ಕಂಬಕ್ಕೆ ಒರಗಿ ನಿಂತಿದ್ದರು. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಮೌಂಟ್ ರಾಸ್ಕಿಲ್‌ನ ಈ ಸ್ಪೋರ್ಟ್ಸ್ ಹಾಲ್‌ಗೆ ಬಂದವರು.

ಫುಟ್‌ಸಾಲ್ ಎಂದರೆ ಹಾಲ್ ಒಳಗೆ ಆಡುವ ಫುಟ್‌ಬಾಲ್, ಐದೈದು ಜನ. ಅವತ್ತು ನಾವು ಬಂದಿದ್ದೂ ಐದೇ ಜನ. ಗೆದ್ದರೆ ಎರಡನೇ ಡಿವಿಷನ್ನಿನಲ್ಲಿ ಉಳಿಯುತ್ತೇವೆ. ಡ್ರಾ ಆದರೂ ಮೂರನೆಯದಕ್ಕೆ. ಅಲ್ಲಿ ಆಟ ಬುಧವಾರ, ಬುಧವಾರ ನಮ್ಮಲ್ಲಿ ಮೂವರಿಗೆ ಡ್ಯೂಟಿ. ಅಂದರೆ ತಂಡವೇ ಮುಗಿಯಿತು.

ನಮ್ಮ ಕೋಚ್ ಚಂದ್ರಹಾಸಣ್ಣ ಇಂದಿರಕ್ಕನ ವಾರ್ಡಿನಲ್ಲೇ ಚಾರ್ಜ್ ನರ್ಸ್. ಅರ್ಧ ಆಟಕ್ಕೆ ಒಂದೇ ಟೈಮ್‌ಔಟ್, ಒಂದು ನಿಮಿಷದ್ದು. ಅದನ್ನು 'ಆಮೇಲೆ ಬೇಕಾಗುತ್ತೆ' ಎಂದು ಉಳಿಸಿಕೊಂಡೇ ಮೂರು ಆಟ ಸೋತಿದ್ದೆವು.

"ಸರ, ಟೈಮ್‌ಔಟ್ ಏನ್ ಫ್ರಿಜ್ಜಿನ್ಯಾಗ ಇಟ್ಟೀರೇನು?" ಹುಬ್ಬಳ್ಳಿಯ ಧೀರಜ್ ಓಡುತ್ತಲೇ ಕೂಗಿದ.

"ವಾರ್ಡಲ್ಲೂ ಟೀ ಬ್ರೇಕ್ ಕೊಡಲ್ಲ, ಇಲ್ಲೂ ಕೊಡಲ್ಲ," ಇಂದಿರಕ್ಕ ಗೊಣಗಿದರು. "ಕಾಲು ನಿಲ್ತಿಲ್ಲ ಕಣೋ ಚಂದ್ರಹಾಸ."

ಆಗ ಚಂದ್ರಹಾಸಣ್ಣ ನಿಜವಾಗಿಯೂ ಎದ್ದರು. ಗಡಿಯಾರದ ಮೇಜಿನ ಹತ್ತಿರ ಹೋಗಿ ಟೈಮ್‌ಔಟ್ ಕೇಳಿದರು. ಅಲ್ಲಿದ್ದ ನರೆಗೂದಲಿನ ಹೆಂಗಸು ತಲೆಯಾಡಿಸಿ ಬಜರ್ ಮೇಲೆ ಕೈಯಿಟ್ಟು ಕಾದಳು. ಕೇಳಿದ ಕೂಡಲೇ ಸಿಗುವುದಿಲ್ಲ. ಚೆಂಡು ಹೊರಗೆ ಹೋಗಬೇಕು, ಒಳಗೆ ತರುವ ಸರದಿ ನಮ್ಮದಾಗಿರಬೇಕು.

ಆದರೆ ಸ್ವಲ್ಪ ಹೊತ್ತಿನ ಹಿಂದೆ ಅವರೇ ನಮಗೆ ಹೇಳಿದ್ದರು: ಚೆಂಡು ಹೊರಗೆ ಹೋದರೆ ಗಡಿಯಾರ ನಿಲ್ಲುತ್ತೆ, ಕಾಲಲ್ಲೇ ಇಟ್ಕೊಂಡು ಟೈಮ್ ಕಳೀರಿ. ನಾನು ಮೂಲೆಯಲ್ಲಿ ಅದನ್ನೇ ಮಾಡುತ್ತಿದ್ದೆ. ಬೆನ್ನಿಗೆ ಒಬ್ಬ ಉದ್ದನೆಯ ಹುಡುಗ ಅಂಟಿಕೊಂಡಿದ್ದ. ಇಪ್ಪತ್ತು ಸೆಕೆಂಡ್, ಮೂವತ್ತು, ಬಿಡಲಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ.

"ಪೂರ್ವಿ, ಅವನ ಕಾಲಿಗೆ ಹೊಡೆದು ಹೊರಗೆ ಹಾಕು!"

"ಹೊರಗೆ ಹಾಕ್ಬೇಡ ಅಂದಿದ್ದು ನೀವೇ ಅಲ್ವಾ?"

"ಈಗ ಹಾಕು ಅಂತಿದೀನಲ್ಲಮ್ಮ!"

"ಮೊದಲೇ ಸರಿಯಾಗಿ..." ಎಂದು ತಿರುಗಿದೆ, ಅಷ್ಟೇ. ಆ ಹುಡುಗ ಚೆಂಡು ಕಿತ್ತುಕೊಂಡು ಹೋಗಿ ಗೋಲು ಹೊಡೆದ. ಇಂದಿರಕ್ಕ ಕೈ ಎತ್ತುವ ಹೊತ್ತಿಗೆ ಚೆಂಡು ಬಲೆಯೊಳಗಿತ್ತು. ಮೂರು ಮೂರು.

ಬಜರ್ ಕೂಗಿತು. ಗೋಲಾದ ಮೇಲೆ ಸರದಿ ನಮ್ಮದಲ್ಲವೇ, ಟೈಮ್‌ಔಟ್ ಈಗ ಸಿಕ್ಕಿತು.

"ಬ್ಯಾಡ ಅನ್ರಿ ಸರ, ಅವರೂ ದಮ್ಮು ತಗೋತಾರ," ಎಂದ ಧೀರಜ್. ಇಂದಿರಕ್ಕ ಆಗಲೇ ನೆಲದ ಮೇಲೆ ಕೂತಾಗಿತ್ತು. ಚಂದ್ರಹಾಸಣ್ಣ ಅವರನ್ನು ನೋಡಿ, ಟೈಮ್‌ಔಟ್ ಇರಲಿ ಎಂದು ಮೇಜಿನ ಕಡೆ ಕೈ ಮಾಡಿದರು. ನಾನು ಸಾರಿ ಅಂದೆ. ಯಾರಿಗೂ ಬೈಯುವಷ್ಟೂ ಶಕ್ತಿ ಇರಲಿಲ್ಲ.

"ಡ್ರಾ ಆದ್ರೂ ಕೆಳಗೆ, ಸೋತ್ರೂ ಕೆಳಗೆ," ಎಂದರು ಚಂದ್ರಹಾಸಣ್ಣ. "ಇಂದಿರಕ್ಕ, ಗೋಲು ಬಿಟ್ಟು ಮುಂದೆ ಬನ್ನಿ. ಐದು ಜನಾನೂ ಆಡೋಣ."

"ಓಡಕ್ಕಾಗಲ್ಲಪ್ಪ."

"ನಡ್ಕೊಂಡೇ ಬನ್ನಿ."

ಅವರು ನಡೆದುಕೊಂಡೇ ಬಂದರು. ಧೀರಜ್ ಕೊಟ್ಟ ಚೆಂಡನ್ನು ಚೆನ್ನಾಗಿಯೇ ಒದ್ದರು. ಎದುರಾಳಿ ಗೋಲ್‌ಕೀಪರ್ ಹಿಡಿದು ಕೆಳಗಿಟ್ಟು ಉದ್ದಕ್ಕೆ ಒದ್ದ. ಚೆಂಡು ನಮ್ಮ ಖಾಲಿ ಗೋಲಿನತ್ತ ಉರುಳಿತು, ಏನೂ ಅವಸರವಿಲ್ಲದ ಹಾಗೆ. ಹಿಂದೆ ಓಡಿದ್ದರೆ ಸಿಗುತ್ತಿತ್ತೇನೋ. ಯಾರೂ ಓಡಲಿಲ್ಲ. ನಾವು ಮೂರು, ಅವರು ನಾಲ್ಕು.

ಆರು ಸೆಕೆಂಡ್ ಉಳಿದಿತ್ತು. ಮತ್ತೆ ನಮ್ಮ ಸರದಿ. ಚೆಂಡನ್ನು ನಡುವೆ ಇಟ್ಟು ಮೇಲೆ ಕಾಲಿಟ್ಟುಕೊಂಡು ನಿಂತೆ. ನಾನು ಒದೆಯುವ ತನಕ ಗಡಿಯಾರ ಓಡುವುದಿಲ್ಲ. ರೆಫರಿ ಎರಡು ಸಲ ಸೀಟಿ ಊದಿದ.

"ಒದಿ ಪೂರ್ವಿ," ಎಂದರು ಚಂದ್ರಹಾಸಣ್ಣ. "ಎಲ್ರೂ ಮನೆಗೆ ಹೋಗಿ ಮಲ್ಕೊಳ್ಲಿ."