ಮಧುಮತಿ ಕೊಟ್ಟ ರಜೆ

ಬಿಟಿಎಂ ಲೇಔಟಿನ ಆ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಲ್ಯಾಬ್ ಇದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ. ಲಿಫ್ಟಿಗೆಂದು ಬಿಟ್ಟ ಜಾಗವಿತ್ತು. ಅದರೊಳಗೆ ಮುರಿದ ಬೆಂಚುಗಳೂ ಹಳೇ ಶಾಮಿಯಾನವೂ ಆರಾಮಾಗಿ ಕೂತಿದ್ದವು. ಹೀಗಾಗಿ ಒಂಬತ್ತನೇ ಕ್ಲಾಸಿನವರು ಮೌಸ್ ಹಿಡಿಯಲು ಮೇಲೆ ಹೋದಾಗಲೆಲ್ಲ ಗಾಲಿಕುರ್ಚಿಯ ಮಧುಮತಿಯನ್ನು ಕೆಳಗೆ, ಹೆಡ್ ಮಾಸ್ಟರ್ ಗುರುಶಾಂತಪ್ಪನವರ ಕೋಣೆಯೆದುರು, ಎರಡು ಹೂಕುಂಡಗಳ ನಡುವೆ ನಿಲ್ಲಿಸಲಾಗುತ್ತಿತ್ತು. ಕುಂಡಗಳಿಗೆ ದಿನಾ ನೀರು ಹಾಕುತ್ತಿದ್ದರು. ಅವಳಿಗೆ ಹೋಗುವವರು ಬರುವವರೆಲ್ಲ 'ಪಾಪ' ಹಾಕುತ್ತಿದ್ದರು.

ಲ್ಯಾಬನ್ನು ಕೆಳಗೆ ತನ್ನಿ ಎಂದು ಅವಳು ಎಂಟನೇ ಕ್ಲಾಸಿನಿಂದ ಕೇಳುತ್ತಲೇ ಇದ್ದಳು. ನೋಡೋಣಮ್ಮ ಎನ್ನುತ್ತಿದ್ದರು ಗುರುಶಾಂತಪ್ಪ. ನೋಡುತ್ತಲೂ ಇದ್ದರು, ಬಾಗಿಲು ತೆರೆದಿಟ್ಟುಕೊಂಡು, ಎದುರಿಗೇ. ಅವರು ಅವಳನ್ನು ನೋಡುತ್ತಿದ್ದರೆ ಅವಳು ಅವರನ್ನು ಕೇಳುತ್ತಿದ್ದಳು. ಮೈಕಿನ ಮುಂದೆ ಗಂಟಲು ಎರಡು ಸಲ ಕೆರೆಯುವುದು, 'ತತ್ಸಂಬಂಧವಾಗಿ' ಎನ್ನುವಾಗ ದನಿ ಹೊಟ್ಟೆಯೊಳಕ್ಕೆ ಇಳಿಯುವುದು, ಮಾತಿನ ಬಾಲಕ್ಕೆ 'ತಕ್ಕದ್ದು' ಅಂಟಿಸುವುದು, ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು.

ಒಂದು ಗುರುವಾರ ಅವರು ಕಾಫಿಗೆಂದು ದರ್ಶಿನಿಗೆ ಹೋದರು. ಮೈಕಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಇಡೀ ಶಾಲೆಯಲ್ಲಿ ಹೊಸ್ತಿಲಿಲ್ಲದ ಕೋಣೆ ಅದೊಂದೇ. ಮಧುಮತಿ ಚಕ್ರ ತಿರುಗಿಸಿಕೊಂಡು ಒಳಗೆ ಹೋದಳು, ಗಂಟಲು ಎರಡು ಸಲ ಕೆರೆದಳು. ಸಂಪಿನಲ್ಲಿ ನೀರಿಲ್ಲ, ಟ್ಯಾಂಕರ್ ಬಂದಿಲ್ಲ, ತತ್ಸಂಬಂಧವಾಗಿ ಈ ಕ್ಷಣದಿಂದ ಶಾಲೆಗೆ ರಜೆ, ಎಲ್ಲರೂ ಶಿಸ್ತಿನಿಂದ ಮನೆಗೆ ತೆರಳತಕ್ಕದ್ದು ಎಂದು ಪ್ರತಿ ಕ್ಲಾಸಿನ ಸ್ಪೀಕರಿನಲ್ಲೂ ಗುರುಶಾಂತಪ್ಪನವರು ಘೋಷಿಸಿದರು.

ಮೊದಲು ಗೇಟು ದಾಟಿದ್ದು ಕಂಪ್ಯೂಟರ್ ಮೇಷ್ಟ್ರು ಸೇತುರಾಮರ ಸ್ಕೂಟರು. ಮಕ್ಕಳು ಆಮೇಲೆ.

ಶಾಲೆ ಖಾಲಿಯಾದ ಮೇಲೆ ಮಧುಮತಿಗೆ ಒಂದು ಸಂಗತಿ ಹೊಳೆಯಿತು. ಮುಂಬಾಗಿಲಿಗೆ ಮೂರು ಮೆಟ್ಟಿಲು. ಅವಳ ಕುರ್ಚಿ ಎತ್ತಿ ಇಳಿಸುವ ಹುಡುಗರು ಅಷ್ಟರಲ್ಲಾಗಲೇ ಪುಟ್ಟೇನಹಳ್ಳಿ ಕೆರೆಯ ದಾರಿ ಹಿಡಿದಿದ್ದರು. ಊರಿಗೆಲ್ಲ ರಜೆ ಕೊಟ್ಟವಳಿಗೆ ರಜೆ ಇಲ್ಲ.

ಕಾಫಿ ಮುಗಿಸಿ ಬಂದ ಗುರುಶಾಂತಪ್ಪನವರಿಗೆ ಕಂಡದ್ದು ಎರಡು ಕುಂಡ, ನಡುವೆ ಒಬ್ಬಳು ಹುಡುಗಿ. ನಿನ್ನನ್ನೊಬ್ಬಳನ್ನೇ ಬಿಟ್ಟು ಓಡಿದರಲ್ಲಮ್ಮ, ಮನುಷ್ಯರಾ ಇವರು ಎಂದು ಮರುಗಿ ಡ್ರಾಯರಿನಿಂದ ಬಾಳೆಹಣ್ಣು ತೆಗೆದು ಕೊಟ್ಟರು. ಅವಳು ತಿಂದಳು. ಹಸಿವಾಗಿತ್ತು.

ಮರುದಿನ, ಹೆಡ್ ಮಾಸ್ಟರ ದನಿ ಕದ್ದ ಅಪರಾಧಿ ಸಿಕ್ಕಿಬಿದ್ದ. ಶಾಲೆಯ ಫಂಕ್ಷನ್ನಿನಲ್ಲಿ ಪ್ರತಿವರ್ಷ ನಾಯಿ, ಆಟೋ, ಮೇಷ್ಟ್ರುಗಳ ಮಿಮಿಕ್ರಿ ಮಾಡುವವನು ಮಧುಮತಿಯ ಪಕ್ಕದ ಬೆಂಚಿನ ನಚಿಕೇತ. ಘೋಷಣೆಯ ಹೊತ್ತಿಗೆ ನೀರು ಕುಡಿಯುತ್ತೇನೆಂದು ಲ್ಯಾಬಿನಿಂದ ಹೊರಗೂ ಹೋಗಿದ್ದ. ಸೋಮವಾರ ಟಿಸಿ ಕೊಟ್ಟು ಕಳಿಸುವುದೆಂದು ತೀರ್ಮಾನವಾಯಿತು.

"ಅಯ್ಯೋ, ಅಷ್ಟು ಚೆನ್ನಾಗಿ ನಂಗೆ ಬರಲ್ಲ ಕಣೆ. ಯಾರ್ ಮಾಡಿದ್ರೋ, ಕಾಲಿಗ್ ಬೀಳ್ಬೇಕು ಅವ್ರಿಗೆ," ಎಂದು ಮಧುಮತಿಗೆ ಅಳುತ್ತಲೇ ಹೇಳಿದ ನಚಿಕೇತ.

ಮಧುಮತಿ ನೇರ ಹೆಡ್ ಮಾಸ್ಟರ ಕೋಣೆಗೆ ಹೋಗಿ, ಅದು ನಾನು ಎಂದಳು. ಗುರುಶಾಂತಪ್ಪನವರ ಕಣ್ಣು ಒದ್ದೆಯಾಯಿತು. ಗೆಳೆಯನಿಗಾಗಿ ತಪ್ಪನ್ನು ತಲೆ ಮೇಲೆ ಹೊತ್ತುಕೊಳ್ಳುವ ಇಂಥ ಮನಸ್ಸು ಕೈಕಾಲು ನೆಟ್ಟಗಿರುವವರಿಗೂ ಇರುವುದಿಲ್ಲ ಎಂದರು. ಅವಳು ಮತ್ತೆ ಹೇಳಿದಳು, ನಾನೇ ಸಾರ್. ಅವರು ಇನ್ನೊಂದು ಬಾಳೆಹಣ್ಣು ಕೊಟ್ಟರು.

ಈ ದೇಶದಲ್ಲಿ ಕಾಲಿಲ್ಲದವರಿಗೆ ಕಳ್ಳತನದ ಹಕ್ಕೂ ಇಲ್ಲ. ದೇವರ ಮಕ್ಕಳೆಂದು ಮೂಲೆಗೆ ಕೂರಿಸಿದ ಮೇಲೆ ಮುಗಿಯಿತು, ಅವರು ತಪ್ಪು ಮಾಡಿದರೂ ನಂಬುವವರಿಲ್ಲ.

ಸೋಮವಾರದ ಪ್ರಾರ್ಥನೆಯಲ್ಲಿ ನಚಿಕೇತನನ್ನು ಟಿಸಿಗಾಗಿ ವೇದಿಕೆ ಹತ್ತಿಸಿದರು. ಅದಕ್ಕೂ ಮೊದಲು ಮಧುಮತಿಯ ತ್ಯಾಗದ ಬಗ್ಗೆ ಭಾಷಣ. ವೇದಿಕೆಗೂ ಮೆಟ್ಟಿಲಿದ್ದುದರಿಂದ ಅವಳನ್ನು ಕೆಳಗೆ ಬಿಸಿಲಲ್ಲಿ ನಿಲ್ಲಿಸಿ ಮೇಲಿನಿಂದ ಹೊಗಳಲಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಸ್ಫೂರ್ತಿಯ ಎರಡು ಮಾತು ಹೇಳಮ್ಮ ಎಂದು ಗುರುಶಾಂತಪ್ಪನವರೇ ಇಳಿದು ಬಂದು ಮೈಕು ಕೊಟ್ಟರು.

ಅವಳು ಗಂಟಲು ಎರಡು ಸಲ ಕೆರೆದಳು.

"ವಿದ್ಯಾರ್ಥಿಗಳೇ. ಸಂಪಿನಲ್ಲಿ ಈವತ್ತೂ ನೀರಿಲ್ಲ. ತತ್ಸಂಬಂಧವಾಗಿ ನಚಿಕೇತ ನಿರಪರಾಧಿ. ಎಲ್ಲರೂ ಶಿಸ್ತಿನಿಂದ ಮನೆಗೆ ತೆರಳತಕ್ಕದ್ದು."

ದನಿ ಕೇಳಿದ್ದೇ ತಡ, ಆರನೇ ಕ್ಲಾಸಿನವರು ಬ್ಯಾಗು ಬೆನ್ನಿಗೇರಿಸಿದರು. ಏಳನೆಯವರು ಗೇಟು ಮುಟ್ಟಿದರು. ಸೇತುರಾಮ್ ಸ್ಕೂಟರಿಗೆ ಕಿಕ್ ಹೊಡೆದೇಬಿಟ್ಟಿದ್ದರು. ಗುರುಶಾಂತಪ್ಪನವರು ಒಂದು ಕ್ಷಣ ತಮ್ಮ ಬಾಯಿಯನ್ನೇ ಮುಟ್ಟಿ ನೋಡಿಕೊಂಡರು.

ಅಂದು ಮಧ್ಯಾಹ್ನ ಮಧುಮತಿಯ ತಾಯಿ ತಂಗೆವ್ವನಿಗೆ ಕರೆ ಹೋಯಿತು. ವಿಜಯಪುರದ ಕಡೆಯಿಂದ ಬಂದು ಬಿಟಿಎಂನಲ್ಲಿ ಮೆಸ್ಸಿಗೆ ರೊಟ್ಟಿ ಬಡಿಯುವ ಹೆಂಗಸು. ಸೀರೆಗೆ ಹಿಟ್ಟು ಮೆತ್ತಿಕೊಂಡೇ ಬಂದಳು. ನಿಮ್ಮ ಮಗಳ ಸ್ಥಿತಿ ನೋಡಿ ಈ ಸಲ ಕ್ಷಮಿಸುತ್ತೇವೆ ಎಂದರು ಗುರುಶಾಂತಪ್ಪ.

"ಬ್ಯಾರೆ ಹುಡುಗೂರು ಮಾಡಿದ್ರ ಏನ್ ಕೊಡ್ತೀರ್ರಿ ಸರ?"

"ಟಿ..." ಎಂದವರು ನಾಲಿಗೆ ಕಚ್ಚಿಕೊಂಡರು. "ಮೂರು ದಿನ ಸಸ್ಪೆಂಡ್ ಮಾಡ್ತೀವಮ್ಮ."

"ಹಂಗಾರ ಇಕಿಗೂ ಮೂರ ಕೊಡ್ರಿ. ಒಂದ್ ದಿನಾ ಕಡಿಮಿ ಮಾಡಬ್ಯಾಡ್ರಿ."

ಕೊಟ್ಟರು. ಟಿಸಿಯ ಮಾತು ಅಲ್ಲಿಗೇ ಬಿತ್ತು. ನಚಿಕೇತ ಸಂಜೆ ಮಧುಮತಿಯ ಮನೆಗೆ ಬಂದು, ಆ 'ತತ್ಸಂಬಂಧ' ಸಖತ್ತಾಗಿತ್ತು ಮಗಾ, ಹೇಳಿಕೊಡು ಎಂದು ದುಂಬಾಲು ಬಿದ್ದ.

ಶಾಲೆ ಮಾತ್ರ ಚಿಂತೆಗೆ ಬಿತ್ತು. ಹುಡುಗಿಯನ್ನು ಮೈಕಿನ ಹತ್ತಿರ ಬಿಡುವಂತಿಲ್ಲ. ಬಹಳ ಯೋಚಿಸಿ, ಮೈಕು, ಆಂಪ್ಲಿಫೈಯರು ಎಲ್ಲವನ್ನೂ ಮೂರನೇ ಮಹಡಿಯ ಲ್ಯಾಬಿಗೆ ಸಾಗಿಸಿದರು. ಮೈಕು ಬಲು ಸುಲಭವಾಗಿ ಮೆಟ್ಟಿಲು ಹತ್ತಿತು. ಮಾರನೇ ದಿನ ಗುರುಶಾಂತಪ್ಪನವರು ತಮ್ಮ ಮಂಡಿನೋವಿನೊಂದಿಗೆ ಹತ್ತಿದರು. ಎಲ್ಲ ಕ್ಲಾಸಿನ ಸ್ಪೀಕರಿನಲ್ಲೂ "ವಿದ್ಯಾರ್ಥಿ" ಎಂದು ಕೇಳಿತು. ಆಮೇಲೆ ಬರೀ ಏದುಸಿರು. ನಾಯಿಯೊಂದು ಮೈಕು ನೆಕ್ಕುತ್ತಿದೆಯೆಂದು ಆರನೇ ಕ್ಲಾಸಿನವರು ಮೇಜು ಬಡಿದು ನಕ್ಕರು.

ವಾರದೊಳಗೆ ಮೀಟಿಂಗ್ ಕೂತಿತು. ಮೈಕು ಕೆಳಗೆ ಬರಲೇಬೇಕು. ಬಂದರೆ ಮಧುಮತಿ ಅದರೆದುರು ಇರಕೂಡದು. ಇರಕೂಡದೆಂದರೆ ಅವಳು ಲ್ಯಾಬಿನೊಳಗೆ ಇರಬೇಕು. ಆದ್ದರಿಂದ ಭದ್ರತೆಯ ದೃಷ್ಟಿಯಿಂದ ಲ್ಯಾಬು ಕೆಳಗಿನ ಸ್ಟಾಫ್ ರೂಮಿಗೆ, ಸ್ಟಾಫ್ ರೂಮು ಮೂರನೇ ಮಹಡಿಗೆ. ಇದು ತಮಗೇ ಹೊಳೆದ ಉಪಾಯವೆಂದು ಗುರುಶಾಂತಪ್ಪನವರು ಸಂಭ್ರಮಪಟ್ಟರು. ಮೇಷ್ಟ್ರುಗಳೆಲ್ಲ ಮೊಣಕಾಲು, ಬಿಪಿ, ಸಯಾಟಿಕಾ ಎಂದು ಬಾಯಿ ಬಡಿದುಕೊಂಡರು. ನೋಡೋಣ ಎಂದರು ಹೆಡ್ ಮಾಸ್ಟರು.

ಸಸ್ಪೆನ್ಷನ್ ಮುಗಿಸಿ ಬಂದು ಕೆಲವೇ ದಿನಕ್ಕೆ ಮಧುಮತಿ ಮೊದಲ ಸಲ ಕಂಪ್ಯೂಟರಿನ ಮುಂದೆ ಕೂತಳು. ಯಾವುದನ್ನು ಒತ್ತಿದರೂ ಪರದೆ ಕಪ್ಪಗಾಯಿತು. ಮೂರು ಮಹಡಿ ಇಳಿದು ಬಂದು ಇನ್ನೂ ಏದುತ್ತಿದ್ದ ಸೇತುರಾಮ್, ಇಷ್ಟೂ ಬರಲ್ವಾ, ಎಂಟನೇ ಕ್ಲಾಸಿಂದ ಏನ್ ಕತ್ತೆ ಕಾಯ್ತಿದ್ದೆಯಾ ಎಂದು ಎಲ್ಲರೆದುರು ಗದರಿ ಟೆಸ್ಟಿಗೆ ಸೊನ್ನೆ ಹಾಕಿದರು. ಯಾರೂ ಪಾಪ ಅನ್ನಲಿಲ್ಲ.

"ಸಾರ್, ಸ್ವಿಚ್ ಹಾಕಿದ್ದು ನಾನೇ ಅಲ್ವಾ, ಅದಕ್ಕೊಂದು ಅರ್ಧ ಮಾರ್ಕ್ ಕೊಡಿ," ಎಂದು ಮಧುಮತಿ ಜಗಳ ಶುರುಮಾಡಿದಳು.