ಹದಿನಾಲ್ಕು ಸಲ ಹೌದು

ಮಗನ ಚಿಕಿತ್ಸೆಗೆ ಮೂರು ವಾರದ ಮಟ್ಟಿಗೆ ಎಂದು ಹೇಳಿ ನಮ್ಮನ್ನು ಉತ್ತರ ಧ್ರುವದ ಹತ್ತಿರದ ನಮ್ಮೂರು ಉಪರ್ನಾವಿಕ್‌ನಿಂದ, ನಮ್ಮನ್ನಾಳಿದವರ ರಾಜಧಾನಿ ಕೋಪನ್‌ಹೇಗನ್ನಿಗೆ ಕಳಿಸಿದ್ದರು. ಜೂನ್ ಬರುವಾಗ ನಾವು ಇಲ್ಲಿಗೆ ಬಂದು ಎಂಟು ತಿಂಗಳಾಗುತ್ತಿತ್ತು. ಎರಡು ವರ್ಷದ ಮಗ ಮಿನಿಕ್‌ನ ಸೊಂಟದ ಕೀಲು ಹುಟ್ಟಿನಿಂದಲೇ ಜಾರಿತ್ತು. ಮೊದಲ ಶಸ್ತ್ರಚಿಕಿತ್ಸೆ ಫಲಿಸಲಿಲ್ಲ, ಎರಡನೆಯದಾಯಿತು. ಸೊಂಟದಿಂದ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವನು ಮಗುಚಿದ ದೋಣಿಯ ಹಾಗೆ ನೆಲದ ಮೇಲೆ ಬಿದ್ದಿರುತ್ತಿದ್ದ. ಇನ್ನೂರು ವರ್ಷ ನಮ್ಮ ಕಡಲಿನಿಂದ ತಿಮಿಂಗಿಲದ ಎಣ್ಣೆ, ಸೀಲ್ ಚರ್ಮಗಳನ್ನು ಹಡಗುಗಟ್ಟಲೆ ತುಂಬಿಕೊಂಡು ಹೋದವರಿಗೆ, ವಾಪಸು ಬರುವಾಗ ನಮ್ಮೂರಿಗೊಬ್ಬ ಮೂಳೆ ವೈದ್ಯನನ್ನು ಇಳಿಸಿಹೋಗುವುದು ಮಾತ್ರ ನೆನಪಾಗಲಿಲ್ಲ.

ಆರು ವರ್ಷದ ಮಗಳು ತುಕುಮ್ಮೆಕ್‌ಳನ್ನೂ ಕರೆತಂದಿದ್ದೆ. ತುಕು ಎಂದು ಕರೆಯುತ್ತೇವೆ. ಅವಳಪ್ಪ ಜಾರುಬಂಡಿಗೆ ನಾಯಿಗಳನ್ನು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಮೀನಿಗೆ ಹೋದರೆ ನಾಲ್ಕೈದು ದಿನ ಬರುವವನಲ್ಲ. ನನ್ನಮ್ಮನಿಗೆ ಕಿವಿ ಪೂರ್ತಿ ಹೋಗಿದೆ. ಮೂರು ವಾರ ತಾನೇ ಎಂದುಕೊಂಡು ಇಬ್ಬರನ್ನೂ ಎತ್ತಿಕೊಂಡು ಬಂದುಬಿಟ್ಟೆ.

ಮೂರನೆಯ ಮಹಡಿಯಲ್ಲಿ ಎರಡು ಕೋಣೆ. ಎಂಟು ತಿಂಗಳಲ್ಲಿ ನಮ್ಮ ಬಾಗಿಲು ತಟ್ಟಿದವರು ಇಬ್ಬರು. ಒಬ್ಬ ನೀರಿನ ಮೀಟರ್ ನೋಡುವವನು, ಇನ್ನೊಬ್ಬ ಮನೆ ತಪ್ಪಿ ಬಂದ ಪಿಜ್ಜಾದ ಹುಡುಗ. ತಟ್ಟದೆ ಬಂದವರು ಯಾರೂ ಇಲ್ಲ. ನಮ್ಮೂರಿನಲ್ಲಿ ಬಾಗಿಲು ತಟ್ಟುವವನೇ ಅನುಮಾನದ ಮನುಷ್ಯ. ಉಳಿದವರು ಬೂಟು ಬಿಚ್ಚಿ ನೇರ ಒಳಗೆ ಬಂದು, ಕೆಟಲಿನಲ್ಲಿ ಕಾಫಿ ಇದೆಯೇ ಎಂದು ಅಲುಗಿಸಿ ನೋಡುತ್ತಾರೆ. ಮೊದಲ ಎರಡು ತಿಂಗಳು ನಾನು ಚಿಲಕ ಹಾಕಲಿಲ್ಲ. ಸಂಜೆ ನಾಲ್ಕು ಲೋಟದ ಕಾಫಿ ಕಾಸುತ್ತಿದ್ದೆ. ಮೂರು ಲೋಟ ಬಚ್ಚಲಿಗೆ ಸುರಿಯುತ್ತಿದ್ದೆ. ಆಮೇಲೆ ಒಂದೇ ಲೋಟ ಕಾಸುವುದು ಕಲಿತೆ.

ನಾನು ಕಲಿತೆ, ತುಕು ಕಲಿಯಲಿಲ್ಲ. ಜೂನಿನ ಒಂದು ಸಂಜೆ ಅಂಗಳದಲ್ಲಿ ಆಡುತ್ತಿದ್ದವಳಿಗೆ ಹಸಿವಾಯಿತು. ಮೆಟ್ಟಿಲು ಹತ್ತಿ ಬಂದವಳು ಒಂದು ಮಹಡಿ ಹೆಚ್ಚೇ ಹತ್ತಿದಳು. ನಮ್ಮ ಮೇಲಿನ ಮನೆಯ ಮುದುಕ ಪ್ರೆಬೆನ್ ಗಾಳಿಗೆಂದು ಬಾಗಿಲು ತೆರೆದಿಟ್ಟಿದ್ದ. ಇವಳು ಬೂಟು ಬಿಚ್ಚಿ, ಒಳಗೆ ಹೋಗಿ, ಅವನ ಊಟದ ಮೇಜಿನೆದುರು ಕೂತಳು. ಊರಲ್ಲಾಗಿದ್ದರೆ ಒಂದು ತುಂಡು ಒಣಮೀನು ಕೈಗೆ ಬರುತ್ತಿತ್ತು. ಪ್ರೆಬೆನ್ ಎರಡು ತುಂಡು ರೊಟ್ಟಿ ಕೊಟ್ಟ. ಅವಳು ಹೋದ ಮೇಲೆ ಮಕ್ಕಳ ರಕ್ಷಣೆಯ ಸರ್ಕಾರಿ ಕಚೇರಿಗೆ ಫೋನ್ ಮಾಡಿದ.

ಮರುದಿನ ಆ ಕಚೇರಿಯಿಂದ ನನಗೆ ಫೋನ್ ಬಂದ ಮೇಲೆ ಮೆಟ್ಟಿಲಲ್ಲಿ ಅವನನ್ನು ತಡೆದು ನಿಲ್ಲಿಸಿದೆ.

"ನೋಡಮ್ಮ, ಮಗುವಿನ ಒಳ್ಳೇದಕ್ಕೇ ನಾನು ಹೇಳಿದ್ದು. ಪಾಪ, ಹಸಿದಿತ್ತು."

"ನಮ್ಮ ಮನೆ ನಿಮ್ಮ ಕಾಲಡೀಲೇ ಇದೆಯಲ್ಲ ತಾತ. ಹದಿನೆಂಟು ಮೆಟ್ಟಿಲು ಇಳಿದು ನನಗೇ ಹೇಳಬಾರದಿತ್ತಾ?"

ಅವನಿಗೆ ನಿಜಕ್ಕೂ ಗಾಬರಿಯಾಯಿತು. "ಛೆ ಛೆ, ಗುರುತಿಲ್ಲದೋರ ಬಾಗಿಲಿಗೆ ಹೋಗಿ ತೊಂದರೆ ಕೊಡೋದು ಸರಿಯಲ್ಲ."

ತೊಂದರೆ ಕೊಡಬಾರದೆಂದು ಅವನು ಕಳಿಸಿದ ತೊಂದರೆಯ ಹೆಸರು ಮೆರೆಟೆ. ಮೃದು ದನಿ, ಮೃದು ಶಾಲು, ಕೈಯಲ್ಲೊಂದು ಕಡತ. ಮೊದಲನೆಯ ಸಲ ಬಂದು ಅಡುಗೆಮನೆ ನೋಡಿದಳು. ಎರಡನೆಯ ಸಲ ನಾನು ಮಿನಿಕ್‌ನನ್ನು ಒರೆಸಿ ಬಟ್ಟೆ ಬದಲಿಸುವುದನ್ನು ನೋಡಿದಳು. "ನೀವು ಮಗು ಹತ್ರ ಜಾಸ್ತಿ ಮಾತಾಡೋದೇ ಇಲ್ಲ ಅಲ್ವಾ, ಮಾಲಿಯಾ?" ಎಂದು ಕೇಳಿದಳು. ಮಾತಾಡುತ್ತಲೇ ಇದ್ದೆ. ಕೈಯಲ್ಲಿ, ಕಣ್ಣಲ್ಲಿ, ಮೂಗಿಗೆ ಮೂಗು ತಾಗಿಸಿ. ಅವಳ ಕಡತದಲ್ಲಿ ಅದಕ್ಕೆ ಖಾನೆ ಇರಲಿಲ್ಲ.

ಮೂರನೆಯ ಸಲ ತುಕುವನ್ನು ಎದುರಿಗೆ ಕೂರಿಸಿಕೊಂಡಳು. "ನೀವು ಅಲ್ಲೇ ಇರಿ, ಆದರೆ ಮಧ್ಯೆ ಬಾಯಿ ಹಾಕಬೇಡಿ" ಎಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಹದಿನೈದು ಪ್ರಶ್ನೆಗಳು.

"ಅಮ್ಮನ ಜೊತೆ ಇರೋಕೆ ನಿಂಗೆ ಇಷ್ಟನಾ?"

ತುಕುವಿನ ಹುಬ್ಬುಗಳು ಮೇಲೇರಿದವು. ನಮ್ಮಲ್ಲಿ ಹೌದೆಂದರೆ ಹುಬ್ಬು ಏರುತ್ತದೆ, ಇಲ್ಲವೆಂದರೆ ಮೂಗು ಸುಕ್ಕಾಗುತ್ತದೆ. ಮೈನಸ್ ಮೂವತ್ತರ ಚಳಿಯಲ್ಲಿ ಯಾರು ಬಾಯಿ ತೆರೆಯುತ್ತಾರೆ?

"ಅಮ್ಮ ದಿನಾ ಊಟ ಕೊಡ್ತಾರಾ?"

ಹುಬ್ಬು ಏರಿತು.

"ಭಯ ಆದಾಗ ಅಮ್ಮನ ಹತ್ರ ಹೋಗ್ತೀಯಾ?"

ಈ ಸಲ ಎಷ್ಟು ಎತ್ತರಕ್ಕೆ ಏರಿತೆಂದರೆ ಹಣೆಯಲ್ಲಿ ಮೂರು ಗೆರೆ ಮೂಡಿದವು. ನನ್ನ ಎದೆ ತಣ್ಣಗಾಯಿತು. ಬಂಗಾರದಂಥ ಮಗಳೇ, ಎಷ್ಟು ಚೆನ್ನಾಗಿ ಹೇಳುತ್ತಿದ್ದೀಯೆ ಎಂದುಕೊಂಡೆ. ಹದಿನಾಲ್ಕು ಸಲ ಹೌದೆಂದಳು. "ಅಮ್ಮ ಯಾವತ್ತಾದ್ರೂ ಹೊಡೀತಾರಾ?" ಎಂದಾಗ ಮಾತ್ರ ಮೂಗು ಸುಕ್ಕಾಯಿತು. ಮೆರೆಟೆ ತಲೆ ಬಗ್ಗಿಸಿ ಏನೋ ಬರೆದುಕೊಂಡಳು. ಹೋಗುವಾಗ ನಾನು ಅವಳಿಗೆ ಶಾಲು ಎತ್ತಿಕೊಟ್ಟೆ. ನಕ್ಕುಕೊಂಡು ಎತ್ತಿಕೊಟ್ಟೆ. ಆ ನಗುವನ್ನು ನೆನೆದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ವರದಿ ಅಂಚೆಯಲ್ಲಿ ಬಂತು. "ಹದಿನಾಲ್ಕು ಪ್ರಶ್ನೆಗಳಿಗೆ ಮಗು ಯಾವ ಉತ್ತರವನ್ನೂ ಕೊಡಲಿಲ್ಲ. ಹೊಡೆತದ ಪ್ರಸ್ತಾಪ ಬಂದಾಗ ಮುಖ ಕಿವುಚಿತು. ಮಗು ತನ್ನೊಳಗೇ ಮುಚ್ಚಿಹೋಗಿದೆ. ತಾಯಿಯೊಡನೆ ಭಾವನಾತ್ಮಕ ಸಂಪರ್ಕ ಕಾಣುತ್ತಿಲ್ಲ. ಇಬ್ಬರು ಮಕ್ಕಳನ್ನೂ ಸದ್ಯಕ್ಕೆ ಬೇರೊಂದು ಕುಟುಂಬದಲ್ಲಿ ಇರಿಸುವ ಬಗ್ಗೆ ಸಭೆಯಲ್ಲಿ ತೀರ್ಮಾನಿಸುವುದು." ಸಭೆಗೆ ಒಂಬತ್ತು ದಿನವಿತ್ತು.

ಆ ಕಾಗದವನ್ನು ಹಿಡಿದುಕೊಂಡು ಯುಸ್ಟೀನೆಯ ಮನೆಗೆ ಓಡಿದೆ, ಮಿನಿಕ್‌ನನ್ನು ಪ್ಲಾಸ್ಟರ್ ಸಮೇತ ಸೊಂಟದ ಮೇಲೆ ಹೊತ್ತುಕೊಂಡು. ಯುಸ್ಟೀನೆ ನಮ್ಮ ಕಡೆಯವಳೇ. ಈ ನಗರದಲ್ಲಿ ಮೂವತ್ತು ವರ್ಷದಿಂದ ಆಸ್ಪತ್ರೆಯ ನೆಲ ಒರೆಸುತ್ತಿದ್ದಾಳೆ, ಪರಿಚಯವಾದದ್ದೂ ಅಲ್ಲೇ. ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಹುಬ್ಬು ಎತ್ತಿದಳಾ?"

"ನಾನೇ ಕಣ್ಣಾರೆ ನೋಡಿದೆ ಅಕ್ಕ. ಹದಿನಾಲ್ಕು ಸಲ."

"ಹುಚ್ಚಿ. ಇವರು ಬಾಯಿ ನೋಡ್ತಾರೆ ಕಣೇ. ಬಾಯಿಂದ ಬರದೇ ಇದ್ದದ್ದು ಇವರಿಗೆ ಹುಟ್ಟೇ ಇಲ್ಲ. ಮೂವತ್ತು ವರ್ಷ ಆಯ್ತು, ಕೆಲಸದಲ್ಲಿ ನನ್ನ ಮೇಲಿನೋಳು ಈಗಲೂ 'ಕೇಳಿಸ್ತಾ ಯುಸ್ಟೀನೆ?' ಅಂತ ಎರಡೆರಡು ಸಲ ಕೇಳ್ತಾಳೆ. ನಂಗೆ ಕಿವುಡು ಅಂದ್ಕೊಂಡಿದ್ದಾಳೆ, ಗೂಬೆ."

"ಹಾಗಾದ್ರೆ ಅವಳೇ ಕಲೀಲಿ. ನಲವತ್ತು ದಾಟಿದೋಳು, ಓದಿದೋಳು, ಸಂಬಳ ತಗೊಳ್ಳೋಳು. ಆರು ವರ್ಷದ ಕೂಸು ಯಾಕೆ ಕಲೀಬೇಕು?"

"ಸಭೇಲಿ ಇದನ್ನೇ ಹೇಳು. ಗಟ್ಟಿಯಾಗಿ ಹೇಳು. ಆದ್ರೆ ಮೊದಲು ಮಗೀಗೆ ಕಲಿಸು. ಕೋಪ ಎಲ್ಲಿಗೂ ಓಡಿಹೋಗಲ್ಲ, ಮಕ್ಕಳನ್ನ ಎತ್ಕೊಂಡು ಹೋಗಿಬಿಡ್ತಾರೆ."

ಒಂಬತ್ತು ದಿನ ಕಲಿಸಿದೆ. ಬೆಳಿಗ್ಗೆ ಗಂಜಿಯ ಬಟ್ಟಲೆದುರು, ಸಂಜೆ ಕಿಟಕಿಯ ಹತ್ತಿರ. ನಾನೇ ಮೆರೆಟೆಯಾಗಿ ಕೂರುತ್ತಿದ್ದೆ. ಹೆಗಲಿಗೆ ಟವೆಲ್ಲನ್ನು ಶಾಲಿನಂತೆ ಹಾಕಿಕೊಂಡರೆ ತುಕುವಿಗೆ ನಗು. ಮೊದಲ ದಿನ ಇಬ್ಬರೂ ನಕ್ಕೆವು.

"ಅಮ್ಮ ದಿನಾ ಊಟ ಕೊಡ್ತಾರಾ?"

ಹುಬ್ಬು.

"ಅದಲ್ಲ ಚಿನ್ನ. ಬಾಯಲ್ಲಿ. 'ಯಾ' ಅನ್ನು. ಅವರ ಹಾಗೆ."

"ಯಾ." ಜೊತೆಗೆ ಹುಬ್ಬೂ.

"ಹುಬ್ಬು ಬೇಡ. ಬರೀ 'ಯಾ'." ಹುಬ್ಬೇರಿತೋ, ಅವಳ ಬಾಯಿ ಹೇಳಬೇಕಾದ್ದನ್ನು ಮರೆತುಬಿಡುತ್ತಿತ್ತು, ಹೇಳಿಯಾಯಿತಲ್ಲ, ಇನ್ನೇನು ಎಂಬಂತೆ ನನ್ನನ್ನು ನೋಡುತ್ತಿದ್ದಳು.

ಮೂರನೆಯ ದಿನದಿಂದ ನನ್ನ ಎರಡು ಹೆಬ್ಬೆರಳುಗಳನ್ನು ಅವಳ ಹುಬ್ಬುಗಳ ಮೇಲಿಟ್ಟು ಒತ್ತಿ ಹಿಡಿದೆ. ಪ್ರಶ್ನೆ ಕೇಳಿದಾಗಲೆಲ್ಲ ಹೆಬ್ಬೆರಳ ಕೆಳಗೆ ಆ ಸಣ್ಣ ಸ್ನಾಯು ಮೇಲೇಳಲು ನೋಡುತ್ತಿತ್ತು, ಕೈಯಲ್ಲಿ ಹಿಡಿದ ಹಕ್ಕಿಮರಿ ಮಿಸುಕಿದ ಹಾಗೆ. ನಾನು ಒತ್ತುತ್ತಿದ್ದೆ. "ಯಾ" ಎನ್ನುತ್ತಿದ್ದಳು. ಆರನೆಯ ದಿನ ಮಿಸುಕುವುದು ಕಡಿಮೆಯಾಯಿತು. ಎಂಟನೆಯ ದಿನ ನಿಂತಿತು. ಆಗ ಅವಳು ನಗುವುದನ್ನೂ ನಿಲ್ಲಿಸಿದ್ದಳು. ಟವೆಲ್ ಹಾಕಿಕೊಳ್ಳುವ ಅಗತ್ಯ ಉಳಿದಿರಲಿಲ್ಲ. ನಾನು ಮೆರೆಟೆಯೇ ಆಗಿದ್ದೆ.

ಸಭೆಯಲ್ಲಿ ಮೂವರಿದ್ದರು. ಮೆರೆಟೆ, ಅವಳ ಮೇಲಧಿಕಾರಿ, ಬರೆದುಕೊಳ್ಳುವವನೊಬ್ಬ. ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆ. ತುಕುವನ್ನು ಮತ್ತೆ ಅದೇ ಹದಿನೈದು ಪ್ರಶ್ನೆ ಕೇಳಿದರು. ಹದಿನಾಲ್ಕು ಸಲ "ಯಾ", ಒಂದು ಸಲ "ನೈ". ಅಷ್ಟೂ ಹೊತ್ತು ಅವಳ ಹಣೆ ಬೋಳು ಬಂಡೆಯ ಹಾಗೆ ಇತ್ತು.

"ಅಬ್ಬಾ, ಎಷ್ಟು ಅರಳಿದ್ದಾಳೆ!" ಎಂದಳು ಮೆರೆಟೆ. ಅವಳ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು.

ನಾನು ಎದ್ದು ನಿಂತೆ. "ಅವತ್ತೂ ಹೇಳಿದ್ದಳು. ಹದಿನಾಲ್ಕು ಸಲ ಹೇಳಿದ್ದಳು. ನೀವು ಅವಳ ಮುಖ ನೋಡಲಿಲ್ಲ, ಕಾಗದ ನೋಡಿದ್ರಿ." ಹುಬ್ಬು ಎತ್ತಿ ತೋರಿಸಿದೆ. "ಇದು ಹೌದು." ಮೂಗು ಸುಕ್ಕಿಸಿದೆ. "ಇದು ಇಲ್ಲ. ನಮ್ಮ ದೇಶಾನ ಇಷ್ಟು ವರ್ಷ ಆಳಿದ್ರಲ್ಲ, ಇಷ್ಟೂ ಗೊತ್ತಿಲ್ವಾ? ನನ್ನ ಮಕ್ಕಳನ್ನ ಕಿತ್ಕೊಳ್ಳೋಕೆ ಬರೋ ಮುಂಚೆ ಇಷ್ಟು ಕಲಿಯೋಕಾಗಲ್ವಾ?"

ಬರೆದುಕೊಳ್ಳುವವನ ಲೇಖನಿ ಗಾಳಿಯಲ್ಲಿ ನಿಂತಿತು. ಅವನು ಮೇಲಧಿಕಾರಿಯನ್ನು ನೋಡಿದ.

"ಕುತೂಹಲಕಾರಿ ವಿಷಯ," ಎಂದ ಮೇಲಧಿಕಾರಿ, ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ತಳ್ಳುತ್ತ. "ಆದರೆ ಇವತ್ತಿನ ಸಭೆ ಮಗುವಿನ ಬೆಳವಣಿಗೆ ಬಗ್ಗೆ. ನಮ್ಮ ಪದ್ಧತಿ ಬಗ್ಗೆ ಅಲ್ಲ."

ಲೇಖನಿ ಕೆಳಗಿಳಿಯಲಿಲ್ಲ.

ಕೊನೆಗೆ ಬಂದ ಕಾಗದದಲ್ಲಿ ಹೀಗಿತ್ತು: "ಮಾರ್ಗದರ್ಶನದ ಫಲವಾಗಿ ಮಗುವಿನ ಸಂವಹನದಲ್ಲಿ ಗಣನೀಯ ಸುಧಾರಣೆ. ಮಕ್ಕಳು ತಾಯಿಯ ಬಳಿಯೇ ಇರಬಹುದು." ಯಾರ ಮಾರ್ಗದರ್ಶನ ಎಂದು ಬರೆದಿರಲಿಲ್ಲ. ನನ್ನ ಹೆಬ್ಬೆರಳುಗಳ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಆ ಭಾನುವಾರ ಊರಿನಿಂದ ಅಮ್ಮನ ಫೋನ್ ಬಂತು. ಪರದೆ ತುಂಬ ಅವಳ ಮುಖ; ಹಿಂದೆ ಕಿಟಕಿ, ಕಿಟಕಿಯಾಚೆ ತೇಲುವ ನೀರ್ಗಲ್ಲು. ಕಿವಿ ಕೇಳದವಳು ಫೋನಿನಲ್ಲಿ ಮೊಮ್ಮಕ್ಕಳ ಮುಖ ನೋಡಿಯೇ ಮಾತಾಡುತ್ತಾಳೆ. ಎಂಟು ತಿಂಗಳಿಂದ ಪ್ರತಿ ಭಾನುವಾರ ಅವಳು ಕೇಳುತ್ತಿದ್ದಳು, ತುಕುವಿನ ಹಣೆ ಹೇಳುತ್ತಿತ್ತು, ಆ ಕಡೆ ಅವಳು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು.

"ನನ್ನ ಪುಟ್ಟ ಸೀಲ್ ಮರಿ, ಮೈ ಹುಷಾರಾಗಿದೀಯಾ?"

"ಯಾ" ಎಂದಳು ತುಕು.

ಅಮ್ಮ ಕಾಯುತ್ತ ಕೂತಳು. ಫೋನನ್ನು ಹತ್ತಿರ ತಂದಳು. "ನಾವು ಹಣ್ಣು ಬಿಡಿಸೋಕೆ ಗುಡ್ಡಕ್ಕೆ ಹೋಗೋಣ, ಬರ್ತೀಯಾ ನನ್ನ ಜೊತೆ?"

"ಯಾ."

"ಮಾಲಿಯಾ, ಚಿತ್ರ ನಿಂತುಹೋಯ್ತು ಕಣೇ. ಮಗು ಅಲ್ಲಾಡ್ತಾ ಇಲ್ಲ."

ನಿಂತಿರಲಿಲ್ಲ. ತುಕುವಿನ ಹಿಂದೆ ಮಿನಿಕ್ ಪ್ಲಾಸ್ಟರಿನಿಂದ ನೆಲ ಬಡಿಯುತ್ತಿದ್ದುದು ಅವಳಿಗೂ ಕಾಣುತ್ತಿತ್ತು. ಅವಳು ಮತ್ತೆ ಕೇಳಿದಳು, ಈ ಸಲ ತನ್ನದೇ ಹುಬ್ಬುಗಳನ್ನು ಎತ್ತೆತ್ತಿ, ಮರೆತ ಹಾಡನ್ನು ನೆನಪಿಸುವವಳಂತೆ. "ಬರ್ತೀಯಾ ಪುಟ್ಟಿ? ಅಜ್ಜಿ ಬೇಕಾ ನಿಂಗೆ?"

ನಾನು ತುಕುವಿನ ಎದುರು ಮಂಡಿಯೂರಿದೆ. ಇನ್ನು ಎತ್ತಬಹುದು ಮಗಳೇ, ಯಾರೂ ಬರೆದುಕೊಳ್ಳುತ್ತಿಲ್ಲ ಎಂದು ಹೇಳಬೇಕಿತ್ತು. ಹೇಳುವ ಬದಲು, ಒತ್ತಿ ಇಳಿಸಿದ್ದನ್ನು ನಾನೇ ಎತ್ತಿಬಿಡುತ್ತೇನೆ ಎಂಬಂತೆ, ಎರಡು ಹೆಬ್ಬೆರಳುಗಳನ್ನು ಅವಳ ಹಣೆಯ ಕಡೆ ಚಾಚಿದೆ.

ಬೆರಳು ಇನ್ನೂ ತಾಗಿರಲಿಲ್ಲ. ಅವಳು ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತು, ಶುರು ಮಾಡಿದಳು. "ಯಾ. ಯಾ. ಯಾ."